ರಂಗನತಿಟ್ಟಿನ ದೋಣಿಯಲ್ಲಿ ನಿಕಾನ್ 200-500 ಮಿ.ಮೀ. ಲೆನ್ಸ್

ರಂಗನತಿಟ್ಟಿನ ದೋಣಿಯಲ್ಲಿ ಟ್ರೈಪಾಡ್‌ನಿಂದ ಪ್ರಯೋಜನವಿಲ್ಲ. ದೋಣಿ ಅಲುಗಿದರೆ ಟ್ರೈಪಾಡೂ ಅಲುಗುತ್ತದೆ, ಜೊತೆಗೆ ಪಕ್ಕದಲ್ಲಿ ಕುಳಿತವರ ಜಾಗವನ್ನೂ ಕಿತ್ತುಕೊಳ್ಳುತ್ತದೆ. ಆದ್ದರಿಂದ ಅಲ್ಲಿಗೆ ಹೋಗುವವರು ದೂರದ ಹಕ್ಕಿಯನ್ನು ಹತ್ತಿರ ತೋರಿಸುವ, ಕೈಯಲ್ಲೇ ಹಿಡಿದು ಚಿತ್ರ ತೆಗೆಯಬಲ್ಲ ಟೆಲಿಫೋಟೋ ಲೆನ್ಸನ್ನು ಆರಿಸಿಕೊಳ್ಳಬೇಕು. ಮೂರು ವರ್ಷಗಳಿಂದ ನಾನು ಡಿ7500 ಕ್ಯಾಮೆರಾಕ್ಕೆ ಜೋಡಿಸಿ ಬಳಸುತ್ತಿರುವ ನಿಕಾನ್ 200-500 ಎಫ್/5.6 ಲೆನ್ಸ್ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ ಎಂಬುದು ನನ್ನ ಅನುಭವ.

2015ರಲ್ಲಿ ಬಂದ ಈ ಲೆನ್ಸಿನ ದೊಡ್ಡ ಗುಣವೆಂದರೆ, 200ರಿಂದ 500 ಮಿ.ಮೀ.ವರೆಗೆ ಎಲ್ಲಿ ನಿಲ್ಲಿಸಿದರೂ ಅಪರ್ಚರ್, ಅಂದರೆ ಬೆಳಕು ಒಳಬರುವ ತೆರಪು, ಎಫ್/5.6 ಆಗಿಯೇ ಇರುತ್ತದೆ. ಝೂಮ್ ಮಾಡಿದಂತೆಲ್ಲ ಬೆಳಕು ಕಡಿಮೆಯಾಗುವ ಲೆನ್ಸುಗಳಲ್ಲಿ ಮುಂಜಾನೆಯ ಚಿತ್ರಗಳನ್ನು ಕಳೆದುಕೊಂಡವರಿಗೆ ಇದರ ಬೆಲೆ ತಿಳಿದಿರುತ್ತದೆ. ಆದರೆ 500 ಮಿ.ಮೀ.ಗೆ ಎಫ್/5.6 ಬೇಕೆಂದರೆ ಬೆಳಕು ಒಳಬರುವ ಬಾಯಿ ಸುಮಾರು 89 ಮಿ.ಮೀ. ಅಗಲವಿರಲೇಬೇಕು, ಫಿಲ್ಟರ್ 95 ಮಿ.ಮೀ. ಆಗಿರುವುದಕ್ಕೂ, ತೂಕ ಕಾಲರ್ (ಟ್ರೈಪಾಡಿಗೆ ಜೋಡಿಸುವ ಬಳೆ) ಸೇರಿ 2300 ಗ್ರಾಂ ಮುಟ್ಟಿರುವುದಕ್ಕೂ ಇದೇ ಕಾರಣ. ಕಾಲರನ್ನು ಬಿಚ್ಚಿಟ್ಟರೆ ಇನ್ನೂರು ಗ್ರಾಂ ಕಡಿಮೆಯಾಗುತ್ತದೆ. ದೋಣಿ ಹತ್ತುವ ಮೊದಲು ನಾನು ಮಾಡುವ ಮೊದಲ ಕೆಲಸವೇ ಅದು.

ಕಳೆದ ಫೆಬ್ರವರಿಯ ಒಂದು ಬೆಳಿಗ್ಗೆ ಬಣ್ಣದ ಕೊಕ್ಕರೆಯೊಂದು ಎಲೆ ಸಮೇತ ಮುರಿದ ಕಡ್ಡಿಯನ್ನು ಕೊಕ್ಕಿನಲ್ಲಿ ಅಡ್ಡಲಾಗಿ ಹಿಡಿದು, ಗೂಡಿನ ಮೇಲಿದ್ದ ಜೊತೆಗಾತಿಯ ಕಡೆಗೆ ಇಳಿದು ಬಂತು. ನಡುವೆ ಬಿದಿರಿನ ತುದಿಗಳು ತೂಗಾಡುತ್ತಿದ್ದವು. ಫೋಕಸ್ ಮಿತಿಯ ಸ್ವಿಚ್ಚನ್ನು 6 ಮೀಟರ್‌ನಿಂದ ಆಚೆಗೆ ಎಂದು ಮೊದಲೇ ಇಟ್ಟಿದ್ದರಿಂದ, ಒಮ್ಮೆ ತಪ್ಪಿದ ಫೋಕಸ್ ಹತ್ತಿರದ ದೂರಗಳನ್ನೆಲ್ಲ ಹುಡುಕುತ್ತಾ ಕೂರದೆ ಬೇಗನೆ ಹಕ್ಕಿಗೆ ಮರಳಿತು. ಮನೆಯಲ್ಲಿ ದೊಡ್ಡದು ಮಾಡಿ ನೋಡಿದಾಗ, ಹಳದಿ ಕೊಕ್ಕಿನ ಬುಡದಲ್ಲಿ ಕಿತ್ತಳೆ ಬಣ್ಣದ ಬೋಳು ಮುಖದ ಸುಕ್ಕುಗಳೂ, ರೆಕ್ಕೆಯ ಹಿಂಭಾಗದ ಗುಲಾಬಿ ಗರಿಗಳ ಎಳೆಗಳೂ ಬೇರೆ ಬೇರೆಯಾಗಿ ಕಂಡವು. ಆ ಚಿತ್ರವನ್ನು 500 ಮಿ.ಮೀ.ನಲ್ಲಿ, ಅಪರ್ಚರ್ ಪೂರ್ತಿ ತೆರೆದು ತೆಗೆದಿದ್ದೆ.

ಈ ಲೆನ್ಸಿನಲ್ಲಿರುವ, ಕೈನಡುಕವನ್ನು ತಡೆಯುವ ವಿಆರ್ ವ್ಯವಸ್ಥೆಯ ಬಗ್ಗೆ ಒಂದು ತಪ್ಪು ಕಲ್ಪನೆ ಇದೆ. ಅದು ನಮ್ಮ ಕೈಯ ಅಲುಗಾಟವನ್ನು ಸರಿಪಡಿಸುತ್ತದೆಯೇ ಹೊರತು ಹಕ್ಕಿಯ ಚಲನೆಯನ್ನು ಹಿಡಿದು ನಿಲ್ಲಿಸುವುದಿಲ್ಲ. ಬಂಡೆಯ ಮೇಲೆ ಬಾಯಿ ತೆರೆದು ಮಲಗಿದ ಮೊಸಳೆಗೆ ಶಟರ್ ವೇಗ ಸೆಕೆಂಡಿನ 1/250 ಭಾಗ ಸಾಕಾದರೂ, ಹಾರುವ ಕೊಕ್ಕರೆಗೆ ನಾನು 1/2000ಕ್ಕಿಂತ ಕೆಳಗೆ ಇಳಿಯುವುದಿಲ್ಲ. ಅದಕ್ಕಾಗಿ ಐಎಸ್‌ಒ, ಅಂದರೆ ಬೆಳಕಿಗೆ ಕ್ಯಾಮೆರಾದ ಸಂವೇದನೆ, ಏರಿಸಿ ಚಿತ್ರ ಒಂದಿಷ್ಟು ಕಾಳು ಕಾಳಾದರೂ ಚಿಂತೆಯಿಲ್ಲ. ಹಾರುವ ಹಕ್ಕಿಯ ಬೆನ್ನು ಹತ್ತುವಾಗ ವಿಆರ್‌ನ ಸ್ಪೋರ್ಟ್ ಆಯ್ಕೆಯಲ್ಲಿ ವ್ಯೂಫೈಂಡರಿನ ದೃಶ್ಯ ಜಿಗಿಯುವುದಿಲ್ಲವಾದ್ದರಿಂದ ಅದನ್ನೇ ಬಳಸುತ್ತೇನೆ.

ಯಾವ ಲೆನ್ಸೂ ಗೆಲ್ಲಲಾಗದ ಅಡ್ಡಿಯೊಂದಿದೆ. ಬಿಸಿಲೇರಿದ ಮೇಲೆ ಕಾದ ಬಂಡೆಗಳಿಂದ ಏಳುವ ಬಿಸಿಗಾಳಿ ದೂರದ ಚಿತ್ರವನ್ನು ಕಲಕಿಬಿಡುತ್ತದೆ. ಇಂತಹ ಚಿತ್ರಗಳನ್ನು ನೋಡಿ ಲೆನ್ಸೇ ಸರಿಯಿಲ್ಲವೆಂದು ಮಾರಲು ಹೊರಡುವವರು ಒಮ್ಮೆ ಬೆಳಗಿನ ಮೊದಲ ದೋಣಿಯಲ್ಲಿ, ಹತ್ತಿರದ ಹಕ್ಕಿಯನ್ನು ಪ್ರಯತ್ನಿಸಿ ನೋಡಬೇಕು.

ಇಡೀ ದಿನ ನಡೆದು ಹಕ್ಕಿ ಹುಡುಕುವವರಿಗೆ ಮಾತ್ರ ಇಷ್ಟು ಭಾರದ ಈ ಲೆನ್ಸನ್ನು ಕೊಳ್ಳಿ ಎಂದು ನಾನು ಹೇಳಲಾರೆ. 1460 ಗ್ರಾಂ ತೂಗುವ ನಿಕಾನ್ 500 ಎಫ್/5.6 ಪಿಎಫ್ ಅವರಿಗೆ ಒಗ್ಗುತ್ತದೆ, ಆದರೆ ಅದಕ್ಕೆ ಝೂಮ್ ಇಲ್ಲ. ದೋಣಿ ಗೂಡಿನ ಪಕ್ಕಕ್ಕೇ ಬಂದಾಗ ನನಗೆ 200 ಮಿ.ಮೀ. ಬೇಕೇ ಬೇಕು. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ತಮ್ಮ ಕ್ಯಾಮೆರಾ ಯಾವುದೆಂಬುದನ್ನು ಮೊದಲು ನೋಡಿಕೊಳ್ಳಬೇಕು. ಇದರ ಅಪರ್ಚರ್ ವಿದ್ಯುತ್ತಿನಿಂದ ನಡೆಯುವುದರಿಂದ ಡಿ90, ಡಿ3000ದಂತಹ ಹಳೆಯ ಕ್ಯಾಮೆರಾಗಳಿಗೆ ಈ ಲೆನ್ಸ್ ಹೊಂದುವುದಿಲ್ಲ. ನಿಕಾನಿನ ಮಿರರ್‌ಲೆಸ್ ಝಡ್ ಸರಣಿಯ ಕ್ಯಾಮೆರಾ ಇರುವವರು, ಇಂತಹ ಲೆನ್ಸನ್ನು ಅದಕ್ಕೆ ಜೋಡಿಸುವ ಎಫ್‌ಟಿಝಡ್ ಅಡಾಪ್ಟರ್ ಮೂಲಕ ಆಟೋಫೋಕಸ್ ಸಮೇತ ಬಳಸಬಹುದು.