ನನ್ನ ಕೈಮೇಲಿನ ‘ಧೈರ್ಯ’ ಮಹಾಪ್ರಾಣ ಕಳೆದುಕೊಂಡ ಕಥೆ

ನಾಲ್ಕು ವರ್ಷದ ಹಿಂದೆ ಎಡಗೈ ಮಣಿಕಟ್ಟಿನ ಒಳಬದಿಯಲ್ಲಿ ‘ಧೈರ್ಯ’ ಎಂದು ಟ್ಯಾಟೂ ಹಾಕಿಸಿಕೊಂಡೆ. ಈಗ ಅಲ್ಲಿ ‘ದೈರ್ಯ’ ಎಂದಿದೆ. ಹಾಕಿದವರು ಕಾಗುಣಿತ ತಪ್ಪಿರಲಿಲ್ಲ. ‘ಧ’ ಅಕ್ಷರದ ಹೊಟ್ಟೆ ಸೀಳುವ ಪುಟ್ಟ ಗೀಟು ಇರುತ್ತದಲ್ಲ, ಅದು ವರ್ಷ ಕಳೆದಂತೆ ಕೆಳಗಿನ ಗೆರೆಯೊಳಗೆ ಸೇರಿಕೊಂಡು ಮಾಯವಾಯಿತು. ಚರ್ಮವೇ ನನ್ನ ಮಹಾಪ್ರಾಣವನ್ನು ಅಲ್ಪಪ್ರಾಣ ಮಾಡಿಬಿಟ್ಟಿತು. ಕನ್ನಡ ಕಲಿಸಿದ ಮೇಷ್ಟ್ರು ಎದುರು ಸಿಕ್ಕರೆ ಕೈ ಹಿಂದೆ ಕಟ್ಟಿಕೊಂಡು ಮಾತಾಡುತ್ತೇನೆ. ಅವರು ಅದನ್ನು ವಿನಯ ಅಂದುಕೊಂಡಿದ್ದಾರೆ.

ನಗು ಬರುತ್ತದೆ, ನನಗೂ ಬರುತ್ತದೆ. ಆದರೆ ಇದನ್ನು ತೆಗೆಸಲು ಹೊರಟಾಗ ನಗು ನಿಂತಿತು. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಅವಸರ ಮಾಡಿದವಳಲ್ಲ. ಮೂರು ತಿಂಗಳು ಡಿಸೈನ್ ಹುಡುಕಿದೆ. ಫೋನಿನಲ್ಲಿ ಇನ್ನೂರಕ್ಕೂ ಹೆಚ್ಚು ಚಿತ್ರ ಕೂಡಿಟ್ಟಿದ್ದೆ. ಕೂದಲೆಳೆಯಷ್ಟು ತೆಳುವಾದ ಗೆರೆಗಳು, ಸಾಸಿವೆ ಕಾಳಿನಂಥ ಅಕ್ಷರಗಳು, ಬೆರಳ ಸಂದಿಯಲ್ಲಿ ಕೂತ ಹಕ್ಕಿಗಳು. ಎಲ್ಲ ಚೆಂದ. ಆ ಮೂರು ತಿಂಗಳಲ್ಲಿ ನಾನು ನೋಡದೆ ಉಳಿದದ್ದು ಒಂದೇ, ನನ್ನ ಕೈ. ಮಣಿಕಟ್ಟು ದಿನಕ್ಕೆ ಎಷ್ಟು ಸಲ ಮಡಚುತ್ತದೆ, ಗೆರೆಗಳು ಎಲ್ಲಿ ಬೀಳುತ್ತವೆ, ವಾಚ್ ಪಟ್ಟಿ ಎಲ್ಲಿ ಉಜ್ಜುತ್ತದೆ, ಒಂದನ್ನೂ ಗಮನಿಸಲಿಲ್ಲ. ಇನ್ನೊಂದು ವಿಷಯ ಆಮೇಲೆ ಹೊಳೆಯಿತು. ಆ ಚಿತ್ರಗಳಲ್ಲಿ ಹೆಚ್ಚಿನವು ಹಾಕಿಸಿದ ದಿನವೇ ತೆಗೆದವು. ಸುತ್ತ ಚರ್ಮ ಇನ್ನೂ ಕೆಂಪಗಿದೆ, ಇಂಕ್ ಹಸಿಯಾಗಿ ಹೊಳೆಯುತ್ತಿದೆ. ಮದುವೆ ದಿನದ ಫೋಟೋ ನೋಡಿ ಸಂಸಾರ ಹೇಗಿದೆ ಎಂದು ಹೇಳಿದ ಹಾಗೆ!

ಹಾಕಿಸಿಕೊಳ್ಳುವ ದಿನ ಒಂದು ಗಂಡಾಂತರ ತಪ್ಪಿತು, ಅದೇ ನನ್ನನ್ನು ಮೈಮರೆಸಿತು. ಆರ್ಟಿಸ್ಟ್‌ಗೆ ಕನ್ನಡ ಓದಲು ಬರುತ್ತಿರಲಿಲ್ಲ. ನಾನು ಕಳಿಸಿದ ಪದವನ್ನು ಡಿಸೈನ್ ಸಾಫ್ಟ್‌ವೇರ್‌ಗೆ ಹಾಕಿದಾಗ ಅರ್ಕಾವತ್ತು ಒಡೆದು, ‘ರ್’ ಒಂದು ಕಡೆ, ‘ಯ’ ಇನ್ನೊಂದು ಕಡೆ ಬೇರೆಯಾಗಿ ನಿಂತಿತ್ತು. ನಮ್ಮ ಲಿಪಿಯ ಒತ್ತಕ್ಷರಗಳನ್ನು ಸರಿಯಾಗಿ ಜೋಡಿಸದ ಸಾಫ್ಟ್‌ವೇರ್‌ಗಳಲ್ಲಿ ಇದು ಮಾಮೂಲಿ. ನಾನು ಕಂಡುಹಿಡಿದೆ, ಕಾಗದದ ಮೇಲೆ ಕೈಯಲ್ಲೇ ಬರೆದುಕೊಟ್ಟೆ. ಅವರು ಅದನ್ನೇ ನಕಲು ಮಾಡಿದರು. ಒಂದು ದೊಡ್ಡ ತಪ್ಪು ಹಿಡಿದೆ ಎಂಬ ಹೆಮ್ಮೆಯಲ್ಲಿ, ಇನ್ನು ಎಲ್ಲ ಸರಿಯಿದೆ ಅಂದುಕೊಂಡೆ. ಅಕ್ಷರ ಸರಿಯಿದೆಯೇ ಎಂದು ನೋಡಿದೆನೇ ಹೊರತು, ಆ ಅಕ್ಷರ ಆ ಗಾತ್ರದಲ್ಲಿ ಉಳಿಯುತ್ತದೆಯೇ ಎಂದು ಕೇಳಲಿಲ್ಲ. ಎತ್ತರ ಐದು ಮಿಲಿಮೀಟರ್ ಇದ್ದಿರಬಹುದು. ‘ಧೈ’ ಕೆಳಗಿನ ಐತ್ವ, ‘ಯ’ ಪಕ್ಕದ ಅರ್ಕಾವತ್ತು, ಎಲ್ಲ ಆ ಐದು ಮಿಲಿಮೀಟರ್ ಒಳಗೇ.

ಜೊತೆಗೆ ಮೂರು ಹಕ್ಕಿಗಳು. ಒಂದು ಅಕ್ಷರದ ಪಕ್ಕ, ಒಂದು ಹೆಬ್ಬೆರಳ ಬುಡದಲ್ಲಿ, ಮೂರನೆಯದು ಅಂಗೈ ಅಂಚಿನಲ್ಲಿ. ರೆಕ್ಕೆಗೆ ಒಂಚೂರು ಬಿಳಿ ಇಂಕ್ ಹೊಳಪು ಕೊಡೋಣ ಎಂದರು ಆರ್ಟಿಸ್ಟ್. ಸರಿ ಎಂದೆ. ಅಂಗೈ ಅಂಚಿನಲ್ಲಿ ನಿಲ್ಲುವುದಿಲ್ಲ ಎಂದು ಅವರು ಹೇಳಬೇಕಿತ್ತು. ಹೇಳಲಿಲ್ಲ. ಕೇಳಿದ್ದನ್ನೆಲ್ಲ ಹಾಕಿಕೊಡುವವರು ಒಳ್ಳೆಯ ಆರ್ಟಿಸ್ಟ್ ಅಲ್ಲ ಎಂದು ನನಗೆ ಈಗ ಅನ್ನಿಸುತ್ತದೆ. ‘ಇದು ಬೇಡ’ ಎಂದು ಒಂದಾದರೂ ಸಲ ಹೇಳುವವರ ಹತ್ತಿರ ಹೋಗಿ.

ಸ್ಟೆನ್ಸಿಲ್ ಹೊತ್ತಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಏಕೆಂದರೆ ನಾನು ಎಡವಿದ್ದು ಅಲ್ಲೇ. ಸೂಜಿ ಮುಟ್ಟುವ ಮೊದಲು ಡಿಸೈನನ್ನು ಚರ್ಮಕ್ಕೆ ನೇರಳೆ ಬಣ್ಣದಲ್ಲಿ ಅಚ್ಚೊತ್ತುತ್ತಾರೆ. ಇಷ್ಟವಾಗದಿದ್ದರೆ ಒರೆಸಿ ಮತ್ತೆ ಒತ್ತಬಹುದು. ಹತ್ತು ಸಲ ಬೇಕಾದರೂ. ನನಗೆ ಕೈ ಚಾಚಿ, ಅಂಗೈ ಮೇಲೆ ಮಾಡಿ ಮೇಜಿನ ಮೇಲಿಟ್ಟಾಗ ಒತ್ತಿದರು. ಆಗ ನೇರವಾಗಿಯೇ ಕಂಡಿತು. ಎದ್ದು ನಿಂತು ಕೈ ಇಳಿಬಿಟ್ಟೆ, ಸಾಲು ಓರೆಯಾಯಿತು. ಮಣಿಕಟ್ಟಿನ ಹತ್ತಿರ ಕೈ ತಿರುಗಿದಾಗ ಚರ್ಮವೂ ತಿರುಗುತ್ತದೆ, ಡಿಸೈನೂ ತಿರುಗುತ್ತದೆ. ಕಂಡರೂ ಬಾಯಿ ಬಿಡಲಿಲ್ಲ. ಅಷ್ಟರಲ್ಲಿ ಎರಡು ಸಲ ಒರೆಸಿ ಒತ್ತಿದ್ದರು, ಹೊರಗೆ ಇಬ್ಬರು ಕಾಯುತ್ತಿದ್ದರು, ಮೂರನೇ ಸಲ ಕೇಳಲು ಸಂಕೋಚವಾಯಿತು. ‘ಪರ್ವಾಗಿಲ್ಲ, ಚೆನ್ನಾಗಿದೆ’ ಎಂದೆ. ಒಂದು ನಿಮಿಷದ ಸಂಕೋಚ ಈಗ ನಾಲ್ಕು ವರ್ಷದಿಂದ ಕೈಮೇಲಿದೆ.

ಅಕ್ಷರದ ದಿಕ್ಕಿನ ಬಗ್ಗೆಯೂ ಯೋಚಿಸಿರಲಿಲ್ಲ. ನನಗೆ ಓದಲು ಬರುವಂತೆ ಹಾಕಿಸಿದೆ, ಎದುರಿದ್ದವರಿಗೆ ತಲೆಕೆಳಗು. ಇದರಲ್ಲಿ ಸರಿ ತಪ್ಪು ಅಂತ ಇಲ್ಲ, ಆದರೆ ಯಾರಿಗಾಗಿ ಎಂದು ಮೊದಲೇ ತೀರ್ಮಾನ ಮಾಡಿ. ಕನ್ನಡಿಯಲ್ಲಿ ನೋಡಿ ಮಾಡಬೇಡಿ, ಎಡ ಬಲ ಅದಲುಬದಲಾಗುತ್ತದೆ. ಸೆಲ್ಫಿ ಕ್ಯಾಮೆರಾ ಕೂಡ ಹಲವು ಸಲ ಹಾಗೇ ತೋರಿಸುತ್ತದೆ. ಯಾರಾದರೂ ಎರಡು ಹೆಜ್ಜೆ ದೂರದಿಂದ ಫೋಟೋ ತೆಗೆಯಲಿ.

ಮೊದಲ ಕೆಲವು ತಿಂಗಳು ಎಲ್ಲರಿಗೂ ತೋರಿಸಿದ್ದೇ ತೋರಿಸಿದ್ದು. ಆಮೇಲೆ ಶುರುವಾಯಿತು.

ಸೂಜಿ ಇಂಕನ್ನು ಮೇಲ್ಪದರದಲ್ಲಿ ಬಿಡುವುದಿಲ್ಲ, ಅದು ಕೆಲವು ವಾರಕ್ಕೊಮ್ಮೆ ಉದುರಿ ಹೊಸದಾಗುತ್ತದೆ. ಇಂಕ್ ಕೂರುವುದು ಅದರ ಕೆಳಗಿನ ಪದರದಲ್ಲಿ, ಹೆಚ್ಚೆಂದರೆ ಒಂದೆರಡು ಮಿಲಿಮೀಟರ್ ಆಳದಲ್ಲಿ. ಅಲ್ಲಿ ನಮ್ಮ ರಕ್ಷಣಾ ಕೋಶಗಳು ಅದನ್ನು ಹೊರಗಿನ ಕಸ ಎಂದು ನುಂಗಿ ಹಿಡಿದುಕೊಳ್ಳುತ್ತವೆ. 2018ರಲ್ಲಿ ಫ್ರಾನ್ಸಿನ ಸಂಶೋಧಕರು ಇಲಿಗಳಲ್ಲಿ ತೋರಿಸಿದ ಪ್ರಕಾರ, ಆ ಕೋಶಗಳು ಸತ್ತಾಗ ಬಣ್ಣ ಹೊರಬೀಳುತ್ತದೆ, ಪಕ್ಕದ ಹೊಸ ಕೋಶಗಳು ಅದನ್ನು ಮತ್ತೆ ನುಂಗುತ್ತವೆ. ಟ್ಯಾಟೂ ಉಳಿಯುವುದು ಹೀಗೆ ಕೈಯಿಂದ ಕೈಗೆ ದಾಟಿಕೊಂಡೇ. ವರ್ಷಗಳು ಉರುಳಿದಂತೆ ಗೆರೆ ಒಂಚೂರು ಹರಡುತ್ತದೆ, ಅಂಚು ಮೆತ್ತಗಾಗುತ್ತದೆ. ದೊಡ್ಡ ಡಿಸೈನಿನಲ್ಲಿ ಅದು ಕಾಣುವುದಿಲ್ಲ. ಐದು ಮಿಲಿಮೀಟರ್ ‘ಧ’ದಲ್ಲಿ ಅದೇ ಎಲ್ಲ. ನನ್ನ ವಿಷಯದಲ್ಲಿ ಇನ್ನೂ ಒಂದು ಕಾರಣ ಇತ್ತು. ಮಣಿಕಟ್ಟಿನ ಒಳಬದಿ ಚರ್ಮ ತೆಳು, ಸೂಜಿ ಸ್ವಲ್ಪ ಆಳಕ್ಕೆ ಹೋದರೂ ಇಂಕ್ ಕೆಳಗೆ ಸೋರಿ ನೀಲಿ ನೆರಳಿನಂತೆ ಹರಡುತ್ತದೆ. ಇದನ್ನು ಟ್ಯಾಟೂ ಹಾಕುವವರು ಬ್ಲೋಔಟ್ ಎನ್ನುತ್ತಾರೆ. ನನ್ನ ಅರ್ಕಾವತ್ತಿನ ಸುತ್ತ ಅಂಥ ಒಂದು ನೆರಳಿದೆ.

ಕನ್ನಡ ಅಕ್ಷರ ಹಾಕಿಸುವವರು ಇದನ್ನು ವಿಶೇಷವಾಗಿ ನೆನಪಿಡಬೇಕು. ನಮ್ಮ ಲಿಪಿ ಪೂರ್ತಿ ಸುತ್ತು, ಸೊನ್ನೆ, ಸಂದಿ. ‘ಥ’ದ ಒಳಗಿನ ಚುಕ್ಕೆ, ‘ಭ’ದ ಗೀಟು, ‘ಷ’ದ ಹೊಟ್ಟೆಯ ಗೆರೆ, ಇವೆಲ್ಲ ಮೊದಲು ಹೋಗುವ ಜಾಗಗಳು. ಆಮೇಲೆ ಭೇಟಿಯಾದ ಇನ್ನೊಬ್ಬ ಆರ್ಟಿಸ್ಟ್ ನನ್ನ ಕೈ ನೋಡಿ, ‘ಇದರ ಎರಡರಷ್ಟಾದರೂ ದೊಡ್ಡದು ಬೇಕಿತ್ತು, ಇಲ್ಲದಿದ್ದರೆ ಬೇರೆ ಪದ’ ಎಂದರು. ಬೇರೆ ಪದ! ‘ಛಲ’ ಎಂದು ಹಾಕಿಸಿಕೊಂಡಿದ್ದರೂ ‘ಚಲ’ ಆಗುತ್ತಿತ್ತೇನೋ.

ಹಕ್ಕಿಗಳ ಕಥೆ ಚಿಕ್ಕದು. ಅಂಗೈ ಅಂಚಿನ ಹಕ್ಕಿ ಐದು ತಿಂಗಳಲ್ಲಿ ಹಾರಿಯೇ ಹೋಯಿತು. ಅಂಗೈ, ಅಂಗಾಲು, ಬೆರಳ ಪಕ್ಕಗಳಲ್ಲಿ ಚರ್ಮ ದಪ್ಪ, ಉಜ್ಜಾಟ ಜಾಸ್ತಿ, ಇಂಕ್ ಸರಿಯಾಗಿ ಕೂರುವುದೇ ಕಷ್ಟ. ಎರಡು ಸಲ ಟಚ್‌ಅಪ್ ಮಾಡಿಸಿದೆ, ಎರಡು ಸಲವೂ ಹಾರಿತು. ಹೆಬ್ಬೆರಳ ಬುಡದ್ದು ಅರ್ಧ ಹಕ್ಕಿಯಾಗಿ ಉಳಿದಿದೆ. ಬಿಳಿ ಹೊಳಪು? ನನ್ನದು ಕಂದು ಚರ್ಮ. ಬಣ್ಣ ಕೊಡುವ ಮೆಲನಿನ್ ಇರುವುದು ಮೇಲ್ಪದರದಲ್ಲಿ, ಇಂಕ್ ಇರುವುದು ಅದರ ಕೆಳಗೆ. ಅಂದರೆ ಯಾವ ಬಣ್ಣ ಹಾಕಿದರೂ ನಾವು ಅದನ್ನು ಕಂದು ಗಾಜಿನ ಮೂಲಕ ನೋಡಿದ ಹಾಗೆ. ಕಪ್ಪು ಚೆನ್ನಾಗಿ ಕಾಣುತ್ತದೆ. ಬಿಳಿ, ತಿಳಿ ಹಳದಿ, ತಿಳಿ ಗುಲಾಬಿ ಮಂಕಾಗುತ್ತವೆ. ನನ್ನ ಹೊಳಪು ಈಗ ಹಳೆಯ ಗಾಯದ ಕಲೆಯ ಹಾಗಿದೆ.

ಒಂದು ಪಕ್ಕದ ಮಾತು. 1991ರಲ್ಲಿ ಆಲ್ಪ್ಸ್ ಪರ್ವತದ ಮಂಜಿನಲ್ಲಿ ಸಿಕ್ಕ, ಸುಮಾರು 5,300 ವರ್ಷ ಹಿಂದಿನ ಓಟ್ಜಿ ಎಂಬ ಮನುಷ್ಯನ ಮೈಮೇಲೆ 61 ಹಚ್ಚೆ ಗುರುತುಗಳಿವೆ. ಹೆಚ್ಚಿನವು ದಪ್ಪ ಗೀಟುಗಳು, ಕೆಲವು ಅಡ್ಡ ಉದ್ದ ಕೂಡಿದ ಗುರುತುಗಳು. ಇವತ್ತಿಗೂ ಎಣಿಸಬಹುದು. ಅವನು ಮಂಜಿನೊಳಗೆ ಮಲಗಿದ್ದ, ನಾನು ಪಾತ್ರೆ ತೊಳೆಯುತ್ತೇನೆ ನಿಜ. ಆದರೂ ಸರಳ ಗೀಟಿನ ಮೇಲೆ ನನಗೀಗ ಭಾರಿ ಗೌರವ.

ಜಾಗ ಆರಿಸುವಾಗ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ, ಎಲ್ಲಿ ನೋವು ಕಡಿಮೆ? ನಾನೂ ಅದನ್ನೇ ಕೇಳಿದ್ದೆ. ಸಣ್ಣ ಟ್ಯಾಟೂ ನೋವು ಒಂದು ಗಂಟೆಯದು, ಅದನ್ನು ನೋಡಿ ಜಾಗ ಆರಿಸಬೇಡಿ. ಆ ಜಾಗ ಎಷ್ಟು ಮಡಚುತ್ತದೆ, ಎಷ್ಟು ಬಿಸಿಲು ಬೀಳುತ್ತದೆ, ಬಟ್ಟೆ ಎಲ್ಲಿ ಉಜ್ಜುತ್ತದೆ ಎಂದು ನೋಡಿ. ತೋಳಿನ ಹೊರಬದಿ, ಭುಜದ ಹಿಂಭಾಗ, ಮುಂಗೈಯ ಮಾಂಸದ ಭಾಗ, ಇವು ಇಂಕನ್ನು ಚೆನ್ನಾಗಿ ಹಿಡಿಯುತ್ತವೆ. ಹೊಟ್ಟೆಯ ಚರ್ಮ ಬಸಿರಿನಲ್ಲೋ ತೂಕ ಏರಿಳಿದಾಗಲೋ ಹಿಗ್ಗುತ್ತದೆ. ಮಚ್ಚೆಯ ಮೇಲೆ ಮಾತ್ರ ಹಾಕಿಸಲೇಬೇಡಿ. ಮಚ್ಚೆ ಬಣ್ಣ, ಆಕಾರ ಬದಲಿಸಿದರೆ ವೈದ್ಯರಿಗೆ ಕಾಣಬೇಕು, ಕೆಲವೊಮ್ಮೆ ಚರ್ಮದ ಕ್ಯಾನ್ಸರಿನ ಮೊದಲ ಸುಳಿವು ಅದೇ. ಕೆಲವು ಸಮವಸ್ತ್ರದ ಕೆಲಸಗಳಲ್ಲಿ ಕಾಣುವ ಜಾಗದ ಟ್ಯಾಟೂಗೆ ನಿಯಮಗಳಿರುತ್ತವೆ, ಆ ದಾರಿಯಲ್ಲಿರುವವರು ಮೊದಲು ನಿಯಮ ಓದಿ. ಇನ್ನೊಂದು, ಮೊದಲ ಸಣ್ಣ ಟ್ಯಾಟೂವನ್ನು ದೊಡ್ಡ ಖಾಲಿ ಜಾಗದ ನಟ್ಟನಡುವೆ ಇಡಬೇಡಿ. ನಾಳೆ ಅಲ್ಲಿ ದೊಡ್ಡದು ಬೇಕೆನಿಸಿದರೆ ಅದು ಕಾಲಿಗೆ ಸಿಕ್ಕ ಕಲ್ಲಿನ ಹಾಗೆ.

ಆರ್ಟಿಸ್ಟ್ ಹತ್ತಿರ ಹೋದಾಗ ಎರಡು ಮೂರು ವರ್ಷ ಹಳೆಯ ಕೆಲಸದ ಫೋಟೋ ಕೇಳಿ. ಅದೂ ನೀವು ಹಾಕಿಸಬೇಕೆಂದಿರುವ ಜಾಗದ್ದೇ, ಆದಷ್ಟು ನಿಮ್ಮಂಥದ್ದೇ ಚರ್ಮದ್ದೇ. ಇಲ್ಲ ಎಂದರೆ ಎದ್ದು ಬನ್ನಿ.

ಈಗ ಲೇಸರ್ ವಿಷಯ. ‘ಬೇಡವಾದರೆ ತೆಗೆಸಿದರಾಯಿತು’ ಎಂದು ನಾನೂ ಅಂದುಕೊಂಡಿದ್ದೆ. ಚರ್ಮರೋಗ ವೈದ್ಯರು ಸಮಾಧಾನವಾಗಿ ವಿವರಿಸಿದರು. ಲೇಸರ್ ಇಂಕನ್ನು ಅಳಿಸುವುದಿಲ್ಲ, ಚೂರು ಮಾಡುತ್ತದೆ ಅಷ್ಟೆ. ಚೂರುಗಳನ್ನು ಸಾಗಿಸಬೇಕಾದದ್ದು ದೇಹವೇ. ಹಾಗಾಗಿ ಒಂದು ಸಲ ಮಾಡಿ ಆರರಿಂದ ಎಂಟು ವಾರ ಕಾಯಬೇಕು, ಮತ್ತೆ ಮಾಡಬೇಕು. ಇಂಥವು ಹಲವು ಸಲ. ಕೈ ಕಾಲಿನ ತುದಿಯ ಕಡೆಗಿನ ಟ್ಯಾಟೂ, ಎದೆ ಬೆನ್ನಿನದ್ದಕ್ಕಿಂತ ನಿಧಾನವಾಗಿ ಹೋಗುತ್ತದೆ. ಕಪ್ಪು ಇಂಕ್ ಸುಲಭ, ಕಂದು ಚರ್ಮಕ್ಕೆ 1064 ನ್ಯಾನೊಮೀಟರ್ ತರಂಗಾಂತರದ ಲೇಸರ್ ಬಳಸುತ್ತಾರೆ, ಆದರೂ ಚರ್ಮದ ಸ್ವಂತ ಬಣ್ಣ ಹೋಗಿ ಬಿಳಿ ಕಲೆ ಉಳಿಯುವ ಸಾಧ್ಯತೆ ಇದೆ. ನನ್ನ ರೆಕ್ಕೆಯ ಬಿಳಿ ಇಂಕ್ ಇದೆಯಲ್ಲ, ಅದು ಲೇಸರ್ ಬಿದ್ದರೆ ಕಪ್ಪಾಗಬಹುದಂತೆ! ಬಿಳಿ ಇಂಕಿನಲ್ಲಿ ಟೈಟಾನಿಯಂ ಡೈಆಕ್ಸೈಡ್ ಇರುತ್ತದೆ, ಅದು ಲೇಸರ್‌ಗೆ ಬಣ್ಣ ತಿರುಗುತ್ತದೆ. ಒಂದು ಸಣ್ಣ ಮೂಲೆಯಲ್ಲಿ ಪರೀಕ್ಷೆ ಮಾಡಿ ನೋಡೋಣ ಎಂದಿದ್ದಾರೆ. ಕವರ್‌ಅಪ್ ಮಾಡಿಸೋಣ ಎಂದರೆ ಹಳೆಯದನ್ನು ಮುಚ್ಚಲು ಅದಕ್ಕಿಂತ ದೊಡ್ಡದು, ಅದಕ್ಕಿಂತ ಗಾಢವಾದದ್ದು ಬೇಕು. ಬೇಡವಾದ ಜಾಗದಲ್ಲೇ ಇನ್ನೂ ಜಾಸ್ತಿ ಇಂಕ್. ನಾನಿನ್ನೂ ತೀರ್ಮಾನ ಮಾಡಿಲ್ಲ. ಸದ್ಯಕ್ಕೆ ಅಗಲ ಪಟ್ಟಿಯ ವಾಚ್ ಕಟ್ಟುತ್ತೇನೆ.

ಕಳೆದ ತಿಂಗಳು ಗೆಳತಿಯೊಬ್ಬಳು ಫೋನ್ ಹಿಡಿದುಕೊಂಡು ಬಂದಳು. ತೋರುಬೆರಳ ಪಕ್ಕದಲ್ಲಿ ಸಾಲಾಗಿ ಐದು ಚಂದ್ರ, ಅಮಾವಾಸ್ಯೆಯಿಂದ ಹುಣ್ಣಿಮೆಯವರೆಗೆ. ನಾನು ಭಾಷಣ ಮಾಡಲಿಲ್ಲ. ಬಾಲ್‌ಪೆನ್ ತೆಗೆದು ಅವಳ ಬೆರಳ ಮೇಲೆ ಅಷ್ಟೇ ಗಾತ್ರದಲ್ಲಿ ಬರೆದುಕೊಟ್ಟೆ. ದಿನಾ ಬೆಳಗ್ಗೆ ಬರೆದುಕೋ, ಒಂದು ತಿಂಗಳು ಹೀಗೇ ಓಡಾಡು ಎಂದೆ. ಎರಡನೇ ವಾರಕ್ಕೇ ಫೋನ್ ಮಾಡಿದಳು. ‘ಲೇ, ಐದೂ ಒಂದೇ ಥರ ಕಾಣ್ತಿವೆ ಕಣೇ, ಎಲ್ಲರೂ ಬೆರಳಿಗೆ ಏನಾಯ್ತು ಅಂತ ಕೇಳ್ತಾರೆ’ ಎಂದಳು. ಈಗ ಒಂದೇ ಚಂದ್ರ ಸಾಕಂತೆ, ಭುಜದ ಹಿಂದೆ, ರೂಪಾಯಿ ನಾಣ್ಯಕ್ಕಿಂತ ದೊಡ್ಡದು. ಅಲ್ಲಿಗೆ ಅವಳ ಕೈ ಎಟುಕುವುದಿಲ್ಲ. ಹಾಗಾಗಿ ದಿನಾ ಬೆಳಗ್ಗೆ ಬರೆದುಕೊಡುವ ಕೆಲಸ ನನ್ನದು.