ಮನೆಮಂದಿಗೆಲ್ಲ ವಾಫಲ್: 750 ವ್ಯಾಟಿನ ಸಾಧಾರಣ ಯಂತ್ರ ಸಾಕೇ?

ಒಮ್ಮೆಗೆ ಎರಡು ಚೌಕ ವಾಫಲ್ ಬೇಯಿಸುವ, 750 ವ್ಯಾಟಿನ, ನಾನ್‌ಸ್ಟಿಕ್ ಲೇಪನವಿರುವ ವಿದ್ಯುತ್ ವಾಫಲ್ ಮೇಕರ್ ಈಗ ಗೃಹೋಪಯೋಗಿ ವಸ್ತುಗಳ ಅಂಗಡಿಗಳಲ್ಲೂ ಆನ್‌ಲೈನ್ ಮಳಿಗೆಗಳಲ್ಲೂ 2,000 ರೂಪಾಯಿಯ ಆಸುಪಾಸಿನಲ್ಲಿ ಸಿಗುತ್ತದೆ. ಬೇರೆ ಬೇರೆ ಹೆಸರಿನಲ್ಲಿ ಮಾರಾಟವಾಗುವ ಇಂಥ ಯಂತ್ರಗಳ ರಚನೆ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ, ನಮ್ಮ ಮನೆಯಲ್ಲಿ ಬಳಕೆಯಲ್ಲಿರುವ ಒಂದನ್ನು ಆಧಾರವಾಗಿಟ್ಟುಕೊಂಡು ಈ ಬಗೆಯ ಯಂತ್ರದ ಕುರಿತಾಗಿಯೇ ಬರೆಯುತ್ತಿದ್ದೇನೆ. ನಾಲ್ಕೈದು ಜನರ ಕುಟುಂಬಕ್ಕೆ ಇದು ಧಾರಾಳವಾಗಿ ಸಾಕು ಎಂಬುದು ನನ್ನ ಖಚಿತ ಅಭಿಪ್ರಾಯ. ಆದರೆ ಹೊರಗೆ ಗರಿಗರಿಯಾಗಿ ಒಳಗೆ ಮೆತ್ತಗಿರುವ ವಾಫಲ್ ಬೇಕೆಂದರೆ ಯಂತ್ರದ ದೀಪವನ್ನಾಗಲಿ ಕೈಪಿಡಿಯನ್ನಾಗಲಿ ನಂಬದೆ ಹಬೆಯನ್ನು ನೋಡಿಕೊಂಡು ಬೇಯಿಸಬೇಕು.

ಯಂತ್ರದ ಮುಚ್ಚಳದ ಮೇಲೆ ಕೆಂಪು, ಹಸಿರು ಎಂದು ಎರಡು ದೀಪಗಳಿರುತ್ತವೆ. ಹಸಿರು ದೀಪವು ಥರ್ಮೋಸ್ಟಾಟ್ ಇರುವ ಜಾಗ ನಿಗದಿತ ಬಿಸಿಗೆ ಬಂದಿದೆ ಎಂದಷ್ಟೇ ಸೂಚಿಸುತ್ತದೆಯೇ ಹೊರತು, ಫಲಕಗಳು ಅಂಚಿನವರೆಗೂ ಸಮನಾಗಿ ಕಾದಿವೆ ಎಂದಾಗಲಿ, ಒಳಗಿರುವುದು ಬೆಂದಿದೆ ಎಂದಾಗಲಿ ಹೇಳುವುದಿಲ್ಲ. ಆದ್ದರಿಂದ ಮೊದಲ ಸಲ ಹಸಿರು ದೀಪ ಹೊತ್ತಿದ ಕೂಡಲೇ ಹಿಟ್ಟು ಹೊಯ್ಯದೆ, ಅದು ಆರಿ ಇನ್ನೊಮ್ಮೆ ಹೊತ್ತುವವರೆಗೆ ಕಾಯುವುದು ಒಳ್ಳೆಯದು. ಹಿಟ್ಟು ಹೊಯ್ದು ಮುಚ್ಚಿದ ಮೇಲೆ ಅಂಚುಗಳಿಂದ ಹಬೆ ಜೋರಾಗಿ ಹೊರಡುತ್ತದೆ. ಹೊರಪದರದ ನೀರಿನಂಶ ಆವಿಯಾಗಿ ಹೋಗುವವರೆಗೂ ಅಲ್ಲಿನ ಉಷ್ಣತೆ 100 ಡಿಗ್ರಿ ಸೆಲ್ಸಿಯಸ್ಸನ್ನು ದಾಟಲಾರದು. ಹೊಂಬಣ್ಣವನ್ನೂ ಘಮವನ್ನೂ ಕೊಡುವ ಮೈಲಾರ್ಡ್ ಕ್ರಿಯೆ ಚುರುಕಾಗುವುದು ಸುಮಾರು 140 ಡಿಗ್ರಿಯ ನಂತರ. ಹೀಗಾಗಿ ಹಬೆ ಜೋರಾಗಿ ಬರುತ್ತಿರುವಾಗಲೇ ಮುಚ್ಚಳ ತೆರೆದರೆ ವಾಫಲ್ ಬಿಳಿಚಿಕೊಂಡಿರುತ್ತದೆ, ಎಷ್ಟೋ ಬಾರಿ ನಡುವೆ ಸೀಳಿ ಅರ್ಧ ಮೇಲಕ್ಕೆ, ಅರ್ಧ ಕೆಳಕ್ಕೆ ಅಂಟಿಕೊಳ್ಳುತ್ತದೆ. ನಮ್ಮ ಯಂತ್ರದ ಕೈಪಿಡಿ ಮೂರು ನಾಲ್ಕು ನಿಮಿಷ ಸಾಕೆನ್ನುತ್ತದೆ. ಹಬೆ ಹೆಚ್ಚುಕಡಿಮೆ ನಿಂತು ಸರಿಯಾದ ಬಣ್ಣ ಬರಲು ಐದಾರು ನಿಮಿಷವಾದರೂ ಬೇಕು.

ಹಿಡಿಕೆ ಹಿಡಿದು ಪೂರ್ತಿ ಮಗುಚಬಹುದಾದ, ದುಪ್ಪಟ್ಟು ಬೆಲೆಯ ಯಂತ್ರವನ್ನೇ ಕೊಳ್ಳಬೇಕೇ ಎಂದು ಹಲವರು ಕೇಳುತ್ತಾರೆ. ಮನೆಬಳಕೆಗೆ ಅದರ ಅಗತ್ಯವಿಲ್ಲ. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಟ್ರಾಯ್ ಪಟ್ಟಣದ ಕಾರ್ನೀಲಿಯಸ್ ಸ್ವಾರ್ಟ್‌ವೌಟ್ 1869ರ ಆಗಸ್ಟ್ 24ರಂದು ಪೇಟೆಂಟ್ ಪಡೆದ ವಾಫಲ್ ಅಚ್ಚಿನಲ್ಲಿ ಮಗುಚುವ ಅನುಕೂಲ ಇದ್ದುದಕ್ಕೆ ಕಾರಣವಿತ್ತು: ಅದನ್ನು ಒಲೆಯ ಮೇಲಿಟ್ಟಾಗ ಕಾವು ಕೆಳಗಿನಿಂದ ಮಾತ್ರ ಬರುತ್ತಿತ್ತು. ವಿದ್ಯುತ್ ಯಂತ್ರದಲ್ಲಿ ಮೇಲಿನ ಫಲಕವೂ ಕಾಯುವುದರಿಂದ, ಮಗುಚಿದರೆ ಹಿಟ್ಟು ಮೂಲೆಮೂಲೆಗೆ ಹರಡುತ್ತದೆ ಎಂಬುದಷ್ಟೇ ಉಳಿಯುವ ಲಾಭ. ಸೌಟಿನ ಹಿಂಬದಿಯಿಂದ ಹಿಟ್ಟನ್ನು ಅಂಚಿನತ್ತ ಸರಿಸಿದರೂ ಅದೇ ಕೆಲಸವಾಗುತ್ತದೆ. ಪೆಟ್ಟಿಗೆಯ ಮೇಲೆ ‘ಬೆಲ್ಜಿಯನ್’ ಎಂದು ಬರೆದಿದ್ದರೂ ಇಂಥ ಯಂತ್ರಗಳ ಗುಳಿಗಳು ಸಾಮಾನ್ಯವಾಗಿ ಆಳವಿಲ್ಲದವು. ಬ್ರಸೆಲ್ಸ್ ಶೈಲಿಯ, ದಪ್ಪನೆಯ, ಆಳ ಗುಳಿಗಳ ವಾಫಲ್ ಇದರಲ್ಲಿ ಬರುವುದಿಲ್ಲ. ಲಿಯೇಜ್ ಶೈಲಿಯದನ್ನಂತೂ ಪ್ರಯತ್ನಿಸಲೇಬಾರದು. ಆ ಗಟ್ಟಿ ಯೀಸ್ಟ್ ಹಿಟ್ಟಿನಲ್ಲಿರುವ ದಪ್ಪ ಸಕ್ಕರೆ ಹರಳುಗಳು ಕರಗಿ ಫಲಕಕ್ಕೆ ಕಚ್ಚಿಕೊಂಡರೆ, ಬಿಡಿಸುವಷ್ಟರಲ್ಲಿ ಲೇಪನವೇ ಹಾಳಾಗುತ್ತದೆ.

ಈ ಯಂತ್ರಕ್ಕೆ ಒಪ್ಪುವ ಹಿಟ್ಟು ಬಹಳ ಸರಳವಾದದ್ದು. 180 ಗ್ರಾಂ ಮೈದಾ, 30 ಗ್ರಾಂ ಕಾರ್ನ್‌ಫ್ಲೋರ್, ಎರಡು ಟೀ ಚಮಚ ಬೇಕಿಂಗ್ ಪೌಡರ್, ಅರ್ಧ ಟೀ ಚಮಚ ಉಪ್ಪು ಮತ್ತು ಒಂದು ದೊಡ್ಡ ಚಮಚ ಸಕ್ಕರೆಯನ್ನು ಒಟ್ಟಿಗೆ ಜರಡಿ ಹಿಡಿಯಬೇಕು. ಇನ್ನೊಂದು ಪಾತ್ರೆಯಲ್ಲಿ ಎರಡು ಮೊಟ್ಟೆ, 300 ಮಿಲಿಲೀಟರ್ ಹಾಲು, ಕರಗಿಸಿ ತುಸು ಆರಿಸಿದ 80 ಗ್ರಾಂ ಬೆಣ್ಣೆಯನ್ನು ಕದಡಿ, ಎರಡನ್ನೂ ಸೇರಿಸಬೇಕು. ಕಾರ್ನ್‌ಫ್ಲೋರಿನಲ್ಲಿ ಗ್ಲುಟೆನ್ ಇಲ್ಲದ ಕಾರಣ ಹಿಟ್ಟು ಜಿಗುಟಾಗದೆ, ಹೊರಪದರ ತೆಳುವಾಗಿ ಗರಿಗರಿಯಾಗುತ್ತದೆ. ಮನೆಯಲ್ಲಿ ಅದಿಲ್ಲದಿದ್ದರೆ ನುಣ್ಣನೆಯ ಅಕ್ಕಿ ಹಿಟ್ಟೂ ನಡೆಯುತ್ತದೆ. ಒಣಹಿಟ್ಟು ಕಾಣದಷ್ಟು ಮಾತ್ರ ಕಲಸಿ, ಸಣ್ಣ ಗಂಟುಗಳಿದ್ದರೂ ಬಿಟ್ಟು, ಹತ್ತು ನಿಮಿಷ ಹಾಗೇ ಇಡಬೇಕು. ಹದ ಸೆಟ್ ದೋಸೆ ಹಿಟ್ಟಿನಷ್ಟಿದ್ದರೆ ಸರಿ. ಬೆಣ್ಣೆಯ ಪ್ರಮಾಣ ನೋಡಿ ಹಿಂಜರಿಯುವವರಿದ್ದಾರೆ. ಆದರೆ ಬೆಣ್ಣೆ ಕಡಿಮೆಯಾದಷ್ಟೂ ವಾಫಲ್ ಬ್ರೆಡ್ಡಿನಂತಾಗುತ್ತದೆ, ಫಲಕಕ್ಕೂ ಅಂಟುತ್ತದೆ. ಮೊಟ್ಟೆಯ ಬಿಳಿಯನ್ನು ಬೇರೆಯಾಗಿ ನೊರೆ ಬರುವಂತೆ ಕಡೆದು ಸೇರಿಸುವ ಶ್ರಮ ಈ ಕಡಿಮೆ ಆಳದ ಅಚ್ಚಿಗೆ ಸಾರ್ಥಕವಲ್ಲ. ಸಣ್ಣ ಸೌಟಿನಲ್ಲಿ ಹೊಯ್ದರೆ ಎಂಟು ವಾಫಲ್‌ಗೆ ಸಾಲುತ್ತದೆ.

ಮೊಟ್ಟೆ ತಿನ್ನದ ಮನೆಗಳಲ್ಲಿ ಹಾಲಿನ ಅರ್ಧದಷ್ಟನ್ನು ಬಿಟ್ಟು ಆ ಜಾಗಕ್ಕೆ ಕಡೆದ ಮೊಸರು, ಜೊತೆಗೆ ಕಾಲು ಟೀ ಚಮಚ ಅಡಿಗೆ ಸೋಡ ಹಾಕಬಹುದು. ಮೊಸರಿನ ಹುಳಿ ಸೋಡದೊಡನೆ ಸೇರಿ ಹಿಟ್ಟನ್ನು ಹಗುರಗೊಳಿಸುತ್ತದೆ. ಮೊಟ್ಟೆಯ ಬಿಗಿ ಇಲ್ಲದಿರುವುದರಿಂದ ಇದನ್ನು ಇನ್ನೊಂದು ನಿಮಿಷ ಹೆಚ್ಚು ಬೇಯಿಸಿ ನಿಧಾನವಾಗಿ ಎತ್ತಬೇಕು. ಮೈದಾದ ಮೂರನೇ ಒಂದು ಭಾಗಕ್ಕೆ ರಾಗಿ ಹಿಟ್ಟು ಬಳಸಿದರೆ ರುಚಿ ನಿಜಕ್ಕೂ ಹೆಚ್ಚುತ್ತದೆ. ರಾಗಿ ನೀರನ್ನು ಹೀರುವುದರಿಂದ ಎರಡು ಚಮಚ ಹಾಲು ಹೆಚ್ಚು ಬೇಕಾಗುತ್ತದೆ. ಉಳಿದ ದೋಸೆ ಹಿಟ್ಟನ್ನೂ, ಅಚ್ಚಿಗೆ ಎಣ್ಣೆ ಸವರಿ, ಇದರಲ್ಲಿ ಬೇಯಿಸಬಹುದು. ಗರಿಗರಿಯಾಗಿ ಬರುವುದೂ, ಗುಳಿಗಳಲ್ಲಿ ಚಟ್ನಿಪುಡಿ ತುಪ್ಪ ನಿಲ್ಲುವುದೂ ನಿಜ. ಆದರೂ ಆ ಹಿಟ್ಟಿಗೆ ಕಾವಲಿಯೇ ಮೇಲು ಎಂದು ನನಗನ್ನಿಸುತ್ತದೆ.

ಯಂತ್ರದ ಕುಂದುಗಳನ್ನೂ ಹೇಳಬೇಕು. ಫಲಕಗಳನ್ನು ಬಿಚ್ಚಲು ಬರುವುದಿಲ್ಲ, ಹಾಗಾಗಿ ನಲ್ಲಿಯ ಕೆಳಗೆ ಹಿಡಿದು ತೊಳೆಯುವಂತಿಲ್ಲ. ಆರಿದ ಮೇಲೆ ಒದ್ದೆ ಬಟ್ಟೆಯಿಂದ ಒರೆಸಿ, ಗುಳಿಗಳ ಮೂಲೆಯನ್ನು ಮೃದುವಾದ ಬ್ರಶ್ಶಿನಿಂದ ಶುಚಿಮಾಡಬೇಕು. ಹೆಚ್ಚಾದ ಹಿಟ್ಟು ಹರಿದು ನಿಲ್ಲಲು ಸುತ್ತ ಕಾಲುವೆಯಿಲ್ಲದ ಕಾರಣ ಒಂದಿಷ್ಟು ಹೆಚ್ಚು ಹೊಯ್ದರೂ ಕೀಲಿನೊಳಗೆ ಇಳಿಯುತ್ತದೆ. ವೈರು ಒಂದು ಮೀಟರಿಗಿಂತ ಚಿಕ್ಕದು. ಲೋಹದ ಚಮಚ, ಫೋರ್ಕ್ ತಾಗಿಸದೆ ಮರದ ಸಟ್ಟುಗದಿಂದಲೇ ಎತ್ತಬೇಕು. ಎಣ್ಣೆಯ ಸ್ಪ್ರೇ ಡಬ್ಬಿ ಬಳಸಿದರೆ ಅದರಲ್ಲಿರುವ ಲೆಸಿಥಿನ್ ಸುಟ್ಟು ಜಿಡ್ಡಿನ ಪದರವಾಗಿ ಕೂರುತ್ತದೆ, ಬ್ರಶ್ಶಿನಿಂದ ಎಣ್ಣೆ ಸವರುವುದೇ ಕ್ಷೇಮ. ವಿದ್ಯುತ್ತಿನ ಚಿಂತೆ ಬೇಡ: ಮುಕ್ಕಾಲು ಗಂಟೆ ಬಿಡದೆ ಉರಿದರೂ ಅರ್ಧ ಯೂನಿಟ್ಟಿಗಿಂತ ತುಸು ಹೆಚ್ಚಷ್ಟೇ, ಸಾಮಾನ್ಯ 6 ಆಂಪಿಯರ್ ಪ್ಲಗ್ಗೇ ಸಾಕು. ಕರೆಂಟು ಹೋದಾಗ ಮಾತ್ರ ಮನೆಯ ಇನ್ವರ್ಟರ್ ಮೇಲೆ ಈ ಹೊರೆ ಹಾಕಬಾರದು.

ಎಲ್ಲಕ್ಕಿಂತ ದೊಡ್ಡ ತೊಡಕೆಂದರೆ ಒಮ್ಮೆಗೆ ಎರಡೇ ಆಗುವುದರಿಂದ ಮನೆಯವರೆಲ್ಲ ಒಟ್ಟಿಗೆ ಕೂತು ತಿನ್ನಲಾಗದಿರುವುದು. ಬೆಂದವನ್ನು ತಟ್ಟೆಯಲ್ಲಿ ಒಂದರ ಮೇಲೊಂದು ಪೇರಿಸಿದರೆ ತಮ್ಮದೇ ಹಬೆಗೆ ಮೆತ್ತಗಾಗುತ್ತವೆ. ಗಾಳಿಯಾಡುವ ಜಾಲರಿಯ ಮೇಲೆ ಬಿಡಿಬಿಡಿಯಾಗಿ ಹರಡಿ, ಓವನ್ ಇದ್ದರೆ 100 ಡಿಗ್ರಿಯಲ್ಲಿ ಜಾಲರಿಯ ಸಮೇತ ಒಳಗಿಟ್ಟರೆ, ಕೊನೆಯದು ಬೇಯುವವರೆಗೂ ಮೊದಲನೆಯದು ಗರಿಗರಿಯಾಗಿಯೇ ಇರುತ್ತದೆ. ದುಬಾರಿ ಮೇಪಲ್ ಸಿರಪ್ ಹುಡುಕುವ ಬದಲು ಮಲೆನಾಡಿನ ಜೋನಿ ಬೆಲ್ಲವನ್ನು ತುಸು ಬೆಚ್ಚಗೆ ಮಾಡಿ, ತಿನ್ನುವ ಹೊತ್ತಿಗೆ ಮಾತ್ರ ಮೇಲೆ ಸುರಿಯಿರಿ. ಉಳಿದವನ್ನು ಪೂರ್ತಿ ಆರಿಸಿ, ಗಾಳಿಯಾಡದ ಚೀಲದಲ್ಲಿ ಫ್ರೀಜರಿನಲ್ಲಿಟ್ಟು, ಬೇಕಾದ ಬೆಳಿಗ್ಗೆ ನೇರವಾಗಿ ಟೋಸ್ಟರಿಗೆ ಹಾಕಬಹುದು. ಮೈಕ್ರೋವೇವಿನಲ್ಲಿ ಬಿಸಿಮಾಡಿದರೆ ರಬ್ಬರಿನಂತಾಗುತ್ತವೆ.