ಕಾರವಾರದ ಒಂದು ರಜಾ ಬರವಣಿಗೆ ತರಗತಿ: ಗುಣವಾಚಕ ಕಲಿಸುವ ಬಗೆ

ಕೋಡಿಬಾಗದ ಕಡೆ ಬೇಸಿಗೆ ರಜೆಯಲ್ಲಿ ನಡೆಯುವ ಮಕ್ಕಳ ಬರವಣಿಗೆ ತರಗತಿಗೆ, ಐದನೇ ತರಗತಿ ಮುಗಿಸಿದ ನಮ್ಮ ಮಗಳನ್ನು ಈ ವರ್ಷ ಸೇರಿಸಿದ್ದೆವು. ವರ್ಣನೆ ಬರೆಯುವುದು, ಅದರಲ್ಲೂ ಗುಣವಾಚಕಗಳನ್ನು ಬಳಸುವುದು ಇಲ್ಲಿನ ಮುಖ್ಯ ಪಾಠವೆಂದು ಕರಪತ್ರದಲ್ಲಿ ಹೇಳಲಾಗಿತ್ತು. ನಮ್ಮ ಕಡೆಯ ಮಕ್ಕಳ ಪ್ರಬಂಧದ ಪುಸ್ತಕ ತೆರೆದರೆ ‘ಕಾರವಾರದ ಕಡಲತೀರವು ಬಹಳ ಸುಂದರವಾಗಿದೆ’ ಎಂಬ ವಾಕ್ಯ ತಪ್ಪದೆ ಸಿಗುತ್ತದೆ. ಮುಂದಿನ ಸಾಲಿನಲ್ಲಿ ಕಾಳಿ ನದಿಯೂ ಸುಂದರವಾಗಿಯೇ ಇರುತ್ತದೆ. ಈ ರೂಢಿಯನ್ನು ಬಿಡಿಸುವರೇ ಎಂಬ ಕುತೂಹಲ ನಮಗಿತ್ತು.

ಪಾಠವು ವ್ಯಾಕರಣದ ಲಕ್ಷಣದಿಂದ ಆರಂಭವಾಗುವುದಿಲ್ಲ ಎಂಬುದೇ ಈ ತರಗತಿಯ ದೊಡ್ಡ ಗುಣ. ಮೊದಲ ದಿನ ಮೇಜಿನ ಮೇಲೆ ಅಂಕೋಲೆಯ ಕರಿ ಈಶಾಡು ಮತ್ತು ಬಿಳಿ ಈಶಾಡು ಮಾವಿನ ಹಣ್ಣುಗಳನ್ನು ಇಟ್ಟಿದ್ದರು. ಒಂದು ಮಗು ಹಣ್ಣನ್ನು ವರ್ಣಿಸಿ ಎರಡು ವಾಕ್ಯ ಬರೆಯಬೇಕು. ಅದನ್ನು ಕೇಳಿದ ಇನ್ನೊಂದು ಮಗು ಕಣ್ಣು ಮುಚ್ಚಿಕೊಂಡೇ ಆ ಹಣ್ಣನ್ನು ಆರಿಸಿ ಕೊಡಬೇಕು. ಕಣ್ಣು ಮುಚ್ಚಿದವರಿಗೆ ‘ಹಳದಿ’ ಎಂದರೂ ಅಷ್ಟೇ, ‘ಚಂದದ’ ಎಂದರೂ ಅಷ್ಟೇ. ಹೀಗಾಗಿ ಮಕ್ಕಳು ಹೆಬ್ಬೆರಳಿನಿಂದ ಒತ್ತಿ, ಮೂಸಿ, ಸಿಪ್ಪೆಯ ಚೂರನ್ನು ಸುಲಿದು ನೋಡಿ, ‘ತೆಳ್ಳನೆಯ ಸಿಪ್ಪೆ’, ‘ದಪ್ಪ ಸಿಪ್ಪೆ’, ‘ತೊಟ್ಟಿನ ಬಳಿಯ ಅಂಟು ಸೊನೆ’ ಎಂದು ಬರೆಯತೊಡಗಿದರು. 2023ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಕರಿ ಈಶಾಡಿನ ಸಿಪ್ಪೆ ತೆಳು, ಬಿಳಿ ಈಶಾಡಿನದು ದಪ್ಪ; ಸಂತೆಯಲ್ಲಿ ಹಿರಿಯರು ಕೈಯಿಂದ ತಿಳಿಯುವ ಈ ವ್ಯತ್ಯಾಸಕ್ಕೆ ಮಕ್ಕಳು ಮಾತು ಹುಡುಕಬೇಕಾಯಿತು. ಗುಣವನ್ನು ಹೇಳುವ ಪದ ಗುಣವಾಚಕ, ಅದು ಯಾವುದರ ಗುಣವನ್ನು ಹೇಳುತ್ತದೆಯೋ ಅದು ವಿಶೇಷ್ಯ ಎಂಬ ಪಾಠ ಬಂದದ್ದು ಇದೆಲ್ಲ ಮುಗಿದ ಮೇಲೆ.

ಇಲ್ಲಿ ಬರುವ ಮಕ್ಕಳಲ್ಲಿ ಅನೇಕರ ಮನೆಮಾತು ಕೊಂಕಣಿ. ಕೊಂಕಣಿಯಲ್ಲಿ ಬರೊ, ಬರಿ, ಬರೆಂ ಎಂದು ವಿಶೇಷಣವು ಲಿಂಗಕ್ಕೆ ತಕ್ಕಂತೆ ರೂಪ ಬದಲಿಸಿದರೆ, ಕನ್ನಡದಲ್ಲಿ ಒಳ್ಳೆಯ ಹುಡುಗ, ಒಳ್ಳೆಯ ಹುಡುಗಿ, ಒಳ್ಳೆಯ ಹಣ್ಣು ಎಂದು ಪದ ಹಾಗೆಯೇ ಉಳಿಯುತ್ತದೆ. ಶಿಕ್ಷಕಿ ಮನೆಮಾತನ್ನು ಗದರಿಸಿ ಹೊರಗಿಡದೆ, ಎರಡನ್ನೂ ಕರಿಹಲಗೆಯ ಮೇಲೆ ಅಕ್ಕಪಕ್ಕ ಬರೆದು ತೋರಿಸಿದ ಕ್ರಮ ನನಗೆ ಬಹಳ ಮೆಚ್ಚುಗೆಯಾಯಿತು. ಹಾಗೆಯೇ, ವರ್ಣನೆಗೆ ಗುಣವಾಚಕವೊಂದೇ ದಾರಿಯಲ್ಲ ಎಂಬುದನ್ನೂ ಅವರು ಮುಚ್ಚಿಡಲಿಲ್ಲ. 2024ರ ಆಗಸ್ಟ್‌ನಲ್ಲಿ ಕಾಳಿ ನದಿಯ ಮೇಲೆ ಬಿದ್ದದ್ದು ‘ಹಳೆಯ ಸೇತುವೆ’ ಎಂದರೆ ಅದರ ವಯಸ್ಸು ಮಾತ್ರ ತಿಳಿಯುತ್ತದೆ, ‘ಕುಸಿದ ಸೇತುವೆ’ ಎಂದರೆ ನಡೆದದ್ದೂ ತಿಳಿಯುತ್ತದೆ ಎಂದು ಹೇಳಿ, ಕ್ರಿಯಾಪದದಿಂದ ಹುಟ್ಟಿದ ಕೃದಂತವೂ ವಿಶೇಷಣದ ಕೆಲಸ ಮಾಡುವುದನ್ನು ಪರಿಚಯಿಸಿದರು.

ಇಷ್ಟು ಚೆನ್ನಾಗಿ ಕಲಿಸುವವರು ಮನೆಗೆಲಸದ ಹಾಳೆಯಲ್ಲಿ ಏಕೆ ಎಡವಿದರೋ ತಿಳಿಯದು. ಮುದ್ರಿತ ಹಾಳೆಯ ಅಂಚಿನಲ್ಲಿ ರಮಣೀಯ, ಮನೋಹರ, ಭವ್ಯ, ವಿಶಾಲ ಮುಂತಾದ ಪದಗಳ ಪಟ್ಟಿಯಿದೆ. ಬಳಸಿದ ಪ್ರತಿಯೊಂದು ಗುಣವಾಚಕಕ್ಕೂ ಒಂದು ಅಂಕ. ಅಂಕದ ಆಸೆಗೆ ಮಗುವೊಂದು ‘ವಿಶಾಲವಾದ ನೀಲಿಯಾದ ರಮಣೀಯವಾದ ಮನೋಹರವಾದ ಸಮುದ್ರದಲ್ಲಿ ಚಿಕ್ಕದಾದ ಸುಂದರವಾದ ದೋಣಿ’ ಎಂದು ಬರೆದು ಆರು ಅಂಕ ಗಳಿಸಿತು. ‘ಬಣ್ಣ ಹೋದ ದೋಣಿಯ ಮೇಲೆ ಕಾಗೆ ಕೂತಿತ್ತು’ ಎಂದು ಬರೆದ ನಮ್ಮ ಮಗಳಿಗೆ ದೊರೆತದ್ದು ಒಂದೇ ಅಂಕ. ಯಾವ ವಾಕ್ಯದಲ್ಲಿ ದೋಣಿ ಕಣ್ಣಿಗೆ ಕಾಣುತ್ತದೆ ಎಂದು ಯಾರೂ ಕೇಳಲಿಲ್ಲ. ಒಂದು ನಾಮಪದಕ್ಕೆ ಒಂದೇ ಗುಣವಾಚಕ, ಅದೂ ಬೇರೆ ದೋಣಿಗೆ ಒಪ್ಪದಂಥದ್ದು ಎಂಬ ನಿಯಮವಿಟ್ಟು ಅಂಕ ಕೊಟ್ಟಿದ್ದರೆ ಮಾವಿನ ಹಣ್ಣಿನ ಪಾಠ ಮನೆಯಲ್ಲಿಯೂ ಮುಂದುವರಿಯುತ್ತಿತ್ತು.

ನಾಲ್ಕನೇ ತರಗತಿಯವರನ್ನೂ ಎಂಟನೇ ತರಗತಿಯವರನ್ನೂ ಒಟ್ಟಿಗೆ ಕೂರಿಸುವುದು ಇನ್ನೊಂದು ಕೊರತೆ. ದೊಡ್ಡವರಿಗೆ ಹೆದ್ದಾರಿ, ಕೆಂದಾವರೆಗಳ ಮೂಲಕ, ವಿಶೇಷಣವೂ ವಿಶೇಷ್ಯವೂ ಕೂಡಿ ಒಂದೇ ಪದವಾಗುವ ಕರ್ಮಧಾರಯ ಸಮಾಸ ವಿವರಿಸುವಾಗ ಚಿಕ್ಕವರು ಪೆನ್ಸಿಲ್ ಚೂಪು ಮಾಡುತ್ತ ಕುಳಿತಿರುತ್ತಾರೆ.

ಜಾಗ ಗಾಳಿ ಬೆಳಕಿನಿಂದ ಕೂಡಿದೆ, ಬಸ್ಸಿನ ಅನುಕೂಲವಿದೆ, ಶುಲ್ಕವೂ ಮಧ್ಯಮ ವರ್ಗದವರಿಗೆ ಹೊರೆಯಾಗುವಷ್ಟಿಲ್ಲ. ಐದರಿಂದ ಏಳನೇ ತರಗತಿಯ ಮಕ್ಕಳನ್ನು ಸಂಕೋಚವಿಲ್ಲದೆ ಕಳುಹಿಸಬಹುದು. ದಸರಾ ರಜೆಯ ತಂಡಕ್ಕೆ ಹೆಸರು ಬರೆಸುವ ಪೋಷಕರು ವಯಸ್ಸಿಗೆ ತಕ್ಕಂತೆ ಗುಂಪು ಮಾಡುವರೇ ಎಂದು ಮೊದಲೇ ವಿಚಾರಿಸಲಿ. ಆ ಪದಪಟ್ಟಿಯ ಹಾಳೆಯನ್ನು ಮಾತ್ರ ಮನೆಯಲ್ಲಿ ತುಂಬಿಸದೆ ಬಿಟ್ಟರೂ ನಷ್ಟವಿಲ್ಲ.